ಪೇಟೆಂಟುಪತ್ರಗಳ ಭಾಷೆ

ಉಗಿಯಂತ್ರ, ಹೊಲಿಗೆಯ ಯಂತ್ರ, ತಂತಿವಾರ್ತೆ, ದೂರವಾಣಿ, ವಿದ್ಯುದ್ದೀಪ ಇವುಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಚಕ್ರ, ಕೊಳವೆ, ತಂತಿಗಳ ವಿಚಾರವನ್ನೇ ಹೇಳಿ ಮುಗಿಸುತ್ತಾರೆ. ಆದರೆ ಈ ಒಂದೊಂದು ಯಂತ್ರದೊಡನೆಯೂ ಹುಟ್ಟಿದ ಒಂದೊಂದು ಲಿಖಿತವಿದೆ. ಅದಾವುದೆಂದರೆ ಪೇಟೆಂಟಿನ ವಿವರಣಪತ್ರ. ಯಂತ್ರವನ್ನು ಕಲ್ಪಿಸಿದವನು ತನ್ನ ಕಲ್ಪನೆಯನ್ನು ಮಾತಿನಲ್ಲಿ ಹೇಗೆ ಹಿಡಿದಿಟ್ಟನೆಂಬುದನ್ನು ಅನುಸರಿಸಿಯೇ ಅದರ ಫಲವು ಅವನಿಗೆ ದೊರೆತುದೂ ದೊರೆಯದೆ ಹೋದುದೂ ಉಂಟು. ಒಂದು ಮಾತನ್ನು ಅಗಲಿಸಿ ಹೇಳಿದುದರಿಂದ ಹಕ್ಕಿಗೆ ಭಂಗ ತಂದುಕೊಂಡವರಿದ್ದಾರೆ. ಒಂದೇ ಪದವು ತಕ್ಕ ಸ್ಥಾನದಲ್ಲಿ ಬಿದ್ದುದರಿಂದ ಕೋಟ್ಯಧೀಶರಾದವರೂ ಇದ್ದಾರೆ. ಕಾವ್ಯಶಾಸ್ತ್ರಗಳಲ್ಲಿ ಶಬ್ದಾರ್ಥಗಳ ಸಂಬಂಧವನ್ನು ಕುರಿತು ವ್ಯಾಸಂಗಮಾಡುವವರ ಲಕ್ಷ್ಯವು ಈ ಲಿಖಿತಗಳ ಮೇಲೆ ಅಷ್ಟಾಗಿ ಬಿದ್ದಿಲ್ಲ. ಶಬ್ದಾರ್ಥಗಳ ಸಂಬಂಧವನ್ನು ನ್ಯಾಯಾಧೀಶರು ಕುಳಿತು ತೂಗಿದ ಪ್ರಸಂಗಗಳು ಇವುಗಳಲ್ಲಿರುವಷ್ಟು ವಿಪುಲವಾಗಿ ಬೇರೆಡೆಯಲ್ಲಿ ಸಿಕ್ಕುವುದು ವಿರಳ.

‘ಪೇಟೆಂಟು’ ಎಂಬುದು ಲ್ಯಾಟಿನ್ ಮೂಲದ ಪದ. ತೆರೆದಿರುವುದು ಎಂದು ಅದರ ಅರ್ಥ. ಇಂಗ್ಲೆಂಡಿನ ಅರಸರು ಹೊರಡಿಸುತ್ತಿದ್ದ ಪತ್ರಗಳಲ್ಲಿ ಎರಡು ಬಗೆ: ಮಡಿಸಿ ಅರಗಿನ ಮುದ್ರೆಯೊತ್ತಿ, ಮುದ್ರೆಯನ್ನು ಒಡೆದಲ್ಲದೆ ಓದಲಾಗದಂತೆ ಒಬ್ಬನಿಗೆ ಕಳುಹಿಸುವುದು ಒಂದು, ಮುದ್ರೆಯನ್ನು ಕೆಳಗೆ ತೂಗಬಿಟ್ಟು, ಸಕಲರೂ ಓದಬಹುದಾದಂತೆ ತೆರೆದಿಡುವುದು ಇನ್ನೊಂದು. ಎರಡನೆಯದೇ ಪೇಟೆಂಟು. ಪದವಿ, ಭೂಮಿ, ವ್ಯಾಪಾರದ ಹಕ್ಕು ಮೊದಲಾದುವೆಲ್ಲ ಇಂತಹ ತೆರೆದ ಪತ್ರಗಳಿಂದಲೇ ದತ್ತವಾಗುತ್ತಿದ್ದುವು; ಯಂತ್ರಗಳ ಹಕ್ಕು ಇವುಗಳಲ್ಲಿ ಕಡೆಗೆ ಬಂದು ಸೇರಿದುದು.

ಕನ್ನಡನಾಡಿನ ಶಾಸನಗಳನ್ನು ಓದಿದವರಿಗೆ ಇದರ ಸ್ವರೂಪವು ಅಪರಿಚಿತವಾಗಿ ತೋರಲಾರದು. ದತ್ತಿಯ ಶಾಸನದಲ್ಲಿ ಅರಸನ ಪ್ರಶಸ್ತಿ, ದಾನದ ಕಾಲ, ಪಡೆದವನ ಹೆಸರು ಇವೆಲ್ಲ ಮುಗಿದ ಮೇಲೆ ಭೂಮಿಯ ಎಲ್ಲೆಯನ್ನು ಹೇಳುವ ಭಾಗವೊಂದು ಬರುತ್ತದೆ. ಮೂಡಲು ಇಂತಹ ಮರ, ತೆಂಕಲು ಇಂತಹ ಹಳ್ಳ, ಪಡುವಲು ನಟ್ಟ ಕಲ್ಲು, ಬಡಗಲು ಕೆರೆಯ ಕೋಡಿ ಎಂದು ನಾಲ್ಕು ದಿಕ್ಕಿಗೂ ಗುರುತುಗಳನ್ನು ಎಣಿಸುವ ಈ ಭಾಗದಲ್ಲಿ ಅಲಂಕಾರವಿಲ್ಲ, ವೃತ್ತವಿಲ್ಲ. ಮುಂದೆ ವ್ಯಾಜ್ಯ ಬಂದಾಗ ಜನರು ನೋಡುವುದು ಪ್ರಶಸ್ತಿಯನ್ನಲ್ಲ, ಈ ಭಾಗವನ್ನು. ಪೇಟೆಂಟಿನ ವಿವರಣಪತ್ರದಲ್ಲಿಯೂ ಹೀಗೆಯೇ ಎರಡು ಅಂಗಗಳಿವೆ. ಯಂತ್ರದ ರಚನೆಯನ್ನೂ ನಡೆಯನ್ನೂ ವಿಸ್ತಾರವಾಗಿ ತಿಳಿಸುವುದು ಮೊದಲನೆಯದು. ‘ಇಷ್ಟು ನನ್ನದು’ ಎಂದು ಎಲ್ಲೆಕಟ್ಟುವ, ಒಂದೊಂದೇ ವಾಕ್ಯದಲ್ಲಿ ಮುಗಿಯುವ, ಸಂಖ್ಯೆಹಾಕಿದ ಕೆಲವು ಉಕ್ತಿಗಳು ಎರಡನೆಯದು. ಇವಕ್ಕೆ ಕ್ಲೇಮುಗಳೆಂದು ಹೆಸರು. ವ್ಯತ್ಯಾಸವಿರುವುದು ಒಂದೇ: ಹೊಲಕ್ಕೆ ಮರವೋ ಕಲ್ಲೋ ಗುರುತಾಗಿ ನಿಲ್ಲುತ್ತದೆ, ಕಲ್ಪನೆಗೆ ನಿಲ್ಲುವ ಗುರುತು ಪದವೊಂದೇ.

ಈ ಪದ್ಧತಿಯು ಒಮ್ಮೆಗೇ ಬೆಳೆದುದಲ್ಲ. ೧೪೨೧ರಲ್ಲಿ ಫ್ಲಾರೆನ್ಸ್ ನಗರವು ಶಿಲ್ಪಿ ಬ್ರೂನೆಲೆಸ್ಕಿಗೆ ಅಮೃತಶಿಲೆಯನ್ನು ಸಾಗಿಸುವ ಒಂದು ಬಗೆಯ ನಾವೆಗಾಗಿ ಮೂರು ವರ್ಷಗಳ ಹಕ್ಕನ್ನು ಕೊಟ್ಟಿತು. ಹಕ್ಕು ದೊರೆಯದಿದ್ದರೆ ತನ್ನ ಉಪಾಯವನ್ನು ಹೊರಗೆಡಹುವುದಿಲ್ಲವೆಂದು ಅವನು ಹಟಹಿಡಿದಿದ್ದನು. (ಆ ನಾವೆಯು ಕಡೆಗೆ ಆರ್ನೋ ನದಿಯಲ್ಲಿ ಶಿಲೆಯೊಡನೆ ಮುಳುಗಿತೆಂಬುದು ಬೇರೆ ಮಾತು.) ೧೪೭೪ರಲ್ಲಿ ವೆನಿಸ್ ಗಣರಾಜ್ಯವು ಇದನ್ನು ಸಾಮಾನ್ಯ ಶಾಸನವನ್ನಾಗಿ ಮಾಡಿ, ಹೊಸ ಉಪಾಯವನ್ನು ತಂದವನಿಗೆ ಹತ್ತು ವರ್ಷಗಳ ಹಕ್ಕನ್ನೂ, ಅದನ್ನು ಕದ್ದು ಅನುಕರಿಸಿದವನಿಗೆ ನೂರು ಡ್ಯುಕಟ್ ದಂಡವನ್ನೂ ವಿಧಿಸಿತು. ಇಂಗ್ಲೆಂಡಿನಲ್ಲಿ ಅರಸರು ಆಸ್ಥಾನಿಕರಿಗೆ ಉಪ್ಪು, ಇಸ್ಪೀಟು ಮೊದಲಾದ ಸಾಮಾನ್ಯ ವಸ್ತುಗಳ ಏಕಸ್ವಾಮ್ಯವನ್ನೂ ಹಂಚತೊಡಗಿದಾಗ ಜನರ ರೋಷ ಹೆಚ್ಚಿ, ೧೬೨೪ರಲ್ಲಿ ಪಾರ್ಲಿಮೆಂಟು ಅಂತಹ ಏಕಸ್ವಾಮ್ಯಗಳನ್ನು ರದ್ದುಮಾಡಿತು. ಹೊಸ ಕೈಗಾರಿಕೆಯನ್ನು ಮೊದಲು ತಂದವನಿಗೆ ಮಾತ್ರ ೧೪ ವರ್ಷಗಳ ಹಕ್ಕನ್ನು ಉಳಿಸಿತು. ಏಳೇಳು ವರ್ಷಗಳಂತೆ ಎರಡು ತಂಡ ಶಿಷ್ಯರು ಕೆಲಸ ಕಲಿತು ಹೊರಬರುವ ಕಾಲವೇ ಈ ಹದಿನಾಲ್ಕೆಂದು ವಿವರಿಸುವುದುಂಟು.

ಆ ಕಾಲದ ಪತ್ರಗಳಲ್ಲಿ ಯಂತ್ರದ ಹೆಸರಿದ್ದಿತೇ ಹೊರತು ವಿವರವಿರಲಿಲ್ಲ. ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ, ಹಕ್ಕನ್ನು ಪಡೆದವನು ಗೊತ್ತಾದ ಅವಧಿಯೊಳಗೆ ವಿವರಣಪತ್ರವನ್ನು ಒಪ್ಪಿಸಬೇಕೆಂಬ ವಾಡಿಕೆ ಬಲವಾಯಿತು. ೧೭೭೮ರಲ್ಲಿ ನ್ಯಾಯಾಧೀಶನಾದ ಮ್ಯಾನ್ಸ್‌ಫೀಲ್ಡನು ಈ ವಿವರಣೆಯೇ ಹಕ್ಕಿಗೆ ಜನರು ಪಡೆಯುವ ಬೆಲೆಯೆಂಬ ತತ್ತ್ವವನ್ನು ಸ್ಥಾಪಿಸಿದನು: ಅವಧಿ ಮುಗಿದ ಮೇಲೆ ಆ ಕಸಬಿನವನು ಪತ್ರವನ್ನು ಓದಿಯೇ ವಸ್ತುವನ್ನು ತಯಾರಿಸುವಂತಿರಬೇಕು, ಇಲ್ಲದಿದ್ದರೆ ಪತ್ರವು ನಿರರ್ಥಕ. ಹೀಗೆ ಪೇಟೆಂಟು ಒಂದು ವಿನಿಮಯವಾಯಿತು. ಕಲ್ಪಕನು ಗುಟ್ಟನ್ನು ಬಿಟ್ಟುಕೊಡುತ್ತಾನೆ. ಸಮಾಜವು ಕೆಲವು ವರ್ಷ ಅದನ್ನು ಬಳಸದೆ ತಾಳಿಕೊಳ್ಳುತ್ತದೆ. ಬರೆಯುವವನಿಗೆ ಇದರಿಂದ ಒಂದು ಇಕ್ಕಟ್ಟು ಹುಟ್ಟಿತು. ಹೆಚ್ಚು ವಿವರಿಸಿದರೆ ಪ್ರತಿಸ್ಪರ್ಧಿಯು ಒಂದು ಅಂಶವನ್ನು ಬದಲಾಯಿಸಿ ಎಲ್ಲೆಯ ಹೊರಗೆ ಜಾರುತ್ತಾನೆ. ಕಡಮೆ ವಿವರಿಸಿದರೆ ನ್ಯಾಯಾಸ್ಥಾನವು ಪತ್ರವನ್ನೇ ತಳ್ಳಿಹಾಕುತ್ತದೆ.

ಈ ಇಕ್ಕಟ್ಟಿಗೆ ಪ್ರಸಿದ್ಧವಾದ ಮೊದಲ ಉದಾಹರಣೆ ಜೇಮ್ಸ್ ವ್ಯಾಟನದು. ಅವನಿಗಿಂತ ಹಿಂದೆ, ೧೭೧೨ರಿಂದ, ಗಣಿಗಳಲ್ಲಿ ನೀರೆತ್ತಲು ನ್ಯೂಕಮೆನ್ನನ ಯಂತ್ರವು ಬಳಕೆಯಲ್ಲಿದ್ದಿತು. ಅದರ ಸಿಲಿಂಡರಿನೊಳಗೆ ಉಗಿಯನ್ನು ತುಂಬಿ, ತಣ್ಣೀರನ್ನು ಚಿಮುಕಿಸಿದರೆ ಉಗಿಯು ನೀರಾಗಿ ಒಳಗೆ ಶೂನ್ಯವುಂಟಾಗುತ್ತಿದ್ದಿತು. ಆಗ ಹೊರಗಣ ಗಾಳಿಯ ಭಾರವು ಪಿಸ್ಟನ್ನನ್ನು ಕೆಳಕ್ಕೆ ಒತ್ತುತ್ತಿದ್ದಿತು. ಒಂದೊಂದು ಸಲವೂ ಕಬ್ಬಿಣದ ಆ ದೊಡ್ಡ ಪಾತ್ರೆ ತಣಿಯಬೇಕು, ಮತ್ತೆ ಕಾಯಬೇಕು. ಉಗಿಯ ಬಹುಭಾಗವು ಪಾತ್ರೆಯನ್ನು ಕಾಯಿಸುವುದರಲ್ಲಿಯೇ ವ್ಯಯವಾಗುತ್ತಿದ್ದಿತು. ಗ್ಲಾಸ್ಗೋ ವಿಶ್ವವಿದ್ಯಾಲಯದ ಉಪಕರಣಗಳನ್ನು ದುರಸ್ತಿಮಾಡುತ್ತಿದ್ದ ವ್ಯಾಟನು ಅಂತಹ ಯಂತ್ರದ ಒಂದು ಚಿಕ್ಕ ಮಾದರಿಯನ್ನು ಸರಿಪಡಿಸುವಾಗ ಈ ದೋಷವನ್ನು ಕಂಡನು. ೧೭೬೫ರಲ್ಲಿ ಅವನಿಗೆ ಪರಿಹಾರವು ಹೊಳೆಯಿತು: ಉಗಿಯನ್ನು ತಣಿಸುವ ಕೆಲಸವನ್ನು ಬೇರೊಂದು ಪಾತ್ರೆಗೆ ಒಪ್ಪಿಸುವುದು. ಆಗ ಸಿಲಿಂಡರು ಎಂದೂ ಬಿಸಿ, ಬೇರೆಯ ಪಾತ್ರೆ ಎಂದೂ ತಂಪು.

೧೭೬೯ರ ಜನವರಿ ೫ರಂದು ಅವನಿಗೆ ಹಕ್ಕು ದೊರೆಯಿತು. ಆ ಪತ್ರದ ಶೀರ್ಷಿಕೆಯೇ ಗಮನಾರ್ಹವಾಗಿದೆ: ಅದರಲ್ಲಿ ಯಂತ್ರವೊಂದನ್ನು ಹೆಸರಿಸದೆ, ಬೆಂಕಿಯಂತ್ರಗಳಲ್ಲಿ ಉಗಿಯ ಮತ್ತು ಉರುವಲಿನ ವೆಚ್ಚವನ್ನು ತಗ್ಗಿಸುವ ‘ವಿಧಾನ’ವೆಂದು ಹೇಳಿದೆ. ಒಳಗೆ ಒಂದು ಚಿತ್ರವೂ ಇಲ್ಲ. ಸಿಲಿಂಡರನ್ನು ಉಗಿಯಷ್ಟೇ ಬಿಸಿಯಾಗಿಡಬೇಕು, ತಣಿಸುವ ಕಾರ್ಯವು ಬೇರೆ ಪಾತ್ರೆಯಲ್ಲಿ ನಡೆಯಬೇಕು, ತಣಿಯದೆ ಉಳಿದ ಗಾಳಿಯನ್ನು ಪಂಪಿನಿಂದ ತೆಗೆಯಬೇಕು, ಉಗಿಯು ಹಿಗ್ಗುವ ಬಲವನ್ನೂ ಪಿಸ್ಟನ್ನನ್ನು ಒತ್ತಲು ಉಪಯೋಗಿಸಬಹುದು ಎಂಬೀ ರೀತಿಯ ಸೂತ್ರಪ್ರಾಯವಾದ ವಾಕ್ಯಗಳಿವೆ. ಚಿತ್ರವನ್ನು ಕೊಟ್ಟರೆ ಹಕ್ಕು ಆ ಚಿತ್ರಕ್ಕೇ ಕಟ್ಟುಬೀಳುವುದೆಂದು ಮಿತ್ರರು ಅವನಿಗೆ ಸಲಹೆಕೊಟ್ಟಿದ್ದರು. ೧೭೭೫ರಲ್ಲಿ ಪಾರ್ಲಿಮೆಂಟು ಹಕ್ಕಿನ ಅವಧಿಯನ್ನು ೧೮೦೦ರವರೆಗೆ ಹೆಚ್ಚಿಸಿತು. ವ್ಯಾಟನೂ ಅವನ ಪಾಲುಗಾರನಾದ ಬೌಲ್ಟನ್ನನೂ ಯಂತ್ರಕ್ಕೆ ಕೇಳಿದ ಪ್ರತಿಫಲವು ವಿಚಿತ್ರ ರೀತಿಯದು: ಹಳೆಯ ಯಂತ್ರಕ್ಕಿಂತ ಎಷ್ಟು ಕಲ್ಲಿದ್ದಲು ಉಳಿಯುವುದೋ ಅದರ ಬೆಲೆಯ ಮೂರರಲ್ಲೊಂದು ಪಾಲು. ಕಲ್ಲಿದ್ದಲು ದುಬಾರಿಯಾಗಿದ್ದ ಕಾರ್ನ್‌ವಾಲಿನ ಗಣಿಯವರಿಗೆ ಉಳಿತಾಯ ಹೆಚ್ಚಿದಷ್ಟೂ ಕೊಡಬೇಕಾದ ಹಣವೂ ಹೆಚ್ಚಿ, ಅಸಮಾಧಾನವು ಕಿಡಿಯಾಗಿ, ವ್ಯಾಜ್ಯವಾಗಿ ಬೆಳೆಯಿತು.

ವ್ಯಾಜ್ಯದ ಮರ್ಮವು ಹೀಗಿದ್ದಿತು: ವ್ಯಾಟನು ಬರೆದಿರುವುದು ತತ್ತ್ವವನ್ನೋ ವಸ್ತುವನ್ನೋ? ತತ್ತ್ವವಾದರೆ ಅದು ಯಾರೊಬ್ಬರ ಸೊತ್ತೂ ಆಗಲಾರದು. ವಸ್ತುವಾದರೆ ಅದರ ವರ್ಣನೆ ಪತ್ರದಲ್ಲಿ ಎಲ್ಲಿದೆ? ೧೭೯೫ರಲ್ಲಿ ಬುಲ್ ಎಂಬವನ ಮೇಲಿನ ಮೊಕದ್ದಮೆಯಲ್ಲಿ ನಾಲ್ವರು ನ್ಯಾಯಾಧೀಶರು ಇಬ್ಬಿಬ್ಬರಾಗಿ ಒಡೆದರು. ೧೭೯೯ರಲ್ಲಿ ಹಾರ್ನ್‌ಬ್ಲೋವರನ ಮೊಕದ್ದಮೆಯಲ್ಲಿ, ಕಸಬನ್ನು ಬಲ್ಲವನು ಈ ಪತ್ರದಿಂದಲೇ ಯಂತ್ರವನ್ನು ಮಾಡಬಲ್ಲನೆಂಬ ಸಾಕ್ಷ್ಯಕ್ಕೆ ಮನ್ನಣೆ ದೊರೆತು, ಹಕ್ಕು ಉಳಿಯಿತು. ಉಳಿದುದು ಒಂದು ವರ್ಷಕ್ಕೆ ಮಾತ್ರ. ಈ ಅಗಲವಾದ ಎಲ್ಲೆಯಿಂದ ಇತರರ ಪ್ರಯೋಗಗಳು ತಡೆದು ನಿಂತುವೆಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಹೆಚ್ಚಿನ ಒತ್ತಡದ ಉಗಿಯಿಂದ ನಡೆಯುವ ಯಂತ್ರಗಳು ಟ್ರೆವಿಥಿಕ್ ಮೊದಲಾದವರ ಕೈಯಲ್ಲಿ ಬೆಳೆದುದು ೧೮೦೦ರ ಈಚೆಗೆ. ಎಲ್ಲೆಯ ಬಿಸಿ ವ್ಯಾಟನಿಗೂ ತಟ್ಟದೆ ಹೋಗಲಿಲ್ಲ. ಪಿಸ್ಟನ್ನಿನ ಏರಿಳಿತವನ್ನು ಚಕ್ರಗತಿಯಾಗಿ ತಿರುಗಿಸಲು ರಾಟೆಯ ಹಿಡಿಯಂತಹ ಸೊಟ್ಟಗೋಲನ್ನು ಬಳಸುವ ಹಕ್ಕನ್ನು ೧೭೮೦ರಲ್ಲಿ ಪಿಕಾರ್ಡನು ಪಡೆದುದರಿಂದ, ವ್ಯಾಟನು ಅದನ್ನು ಮುಟ್ಟಲಾರದೆ, ೧೭೮೧ರಲ್ಲಿ ಒಂದು ಹಲ್ಲುಚಕ್ರವು ಮತ್ತೊಂದನ್ನು ಸುತ್ತುವ ‘ಸೂರ್ಯಗ್ರಹ’ವೆಂಬ ಸುತ್ತುದಾರಿಯನ್ನು ಕಲ್ಪಿಸಬೇಕಾಯಿತು.

ಬರೆಯದೆ ಬಿಟ್ಟವನ ಗತಿ ಏನೆಂಬುದಕ್ಕೆ ಹೊಲಿಗೆಯ ಯಂತ್ರದ ಕಥೆಯೇ ಸಾಕು. ಕೈಸೂಜಿಗೆ ಕಣ್ಣಿರುವುದು ಹಿಂಬದಿಯಲ್ಲಿ. ಅದನ್ನು ಮೊನೆಯ ಬಳಿಗೆ ತಂದುದೇ ಈ ಯಂತ್ರದ ಜೀವಾಳ. ದಾರವನ್ನು ಹೊತ್ತ ಮೊನೆಯು ಬಟ್ಟೆಯೊಳಗೆ ಹೊಕ್ಕು ಹಿಂದೆ ಸರಿಯುವಾಗ ಆ ಕಡೆ ಒಂದು ಕುಣಿಕೆ ಉಳಿಯುತ್ತದೆ. ನೇಯ್ಗೆಯವರ ಲಾಳಿಯಂತಹ ಒಂದು ಸಾಧನವು ಎರಡನೆಯ ದಾರವನ್ನು ಆ ಕುಣಿಕೆಯೊಳಗೆ ಹಾಯಿಸುತ್ತದೆ. ಎರಡು ದಾರಗಳೂ ಬಟ್ಟೆಯ ನಡುವೆ ಬಿಗಿದುಕೊಳ್ಳುತ್ತವೆ. ಅಮೆರಿಕದ ವಾಲ್ಟರ್ ಹಂಟನು ೧೮೩೦ರಿಂದೀಚಿನ ವರ್ಷಗಳಲ್ಲಿಯೇ ಇದನ್ನು ಮಾಡಿದ್ದನು. ಹೊಲಿಗೆಯಿಂದ ಜೀವಿಸುವ ಹೆಂಗಸರ ಕೂಳಿಗೆ ಸಂಚಕಾರ ಬರುವುದೆಂದು ಮಗಳು ಹೇಳಿದುದರಿಂದ ಅವನು ಸುಮ್ಮನಾದನೆಂಬ ಕಥೆಯುಂಟು. ಕಾರಣವೇನೇ ಇರಲಿ, ಅವನು ಪೇಟೆಂಟಿಗೆ ಬರೆಯಲಿಲ್ಲ. ೧೮೪೬ರ ಸೆಪ್ಟೆಂಬರ್ ೧೦ರಂದು ಎಲಿಯಾಸ್ ಹೋವನು ಬರೆದು ಹಕ್ಕನ್ನು ಪಡೆದನು. ೧೮೫೧ರಲ್ಲಿ ಐಸಾಕ್ ಸಿಂಗರನು ತನ್ನ ಯಂತ್ರಕ್ಕೆ ಹಕ್ಕು ಪಡೆದು ಮಾರಾಟಕ್ಕೆ ತೊಡಗಿದಾಗ ಹೋವನು ಅವನ ಮೇಲೆ ದಾವೆ ಹೂಡಿದನು. ಆಗ ಸಿಂಗರನ ಪಕ್ಷದವರು ಹಂಟನನ್ನು ಹುಡುಕಿ ತಂದರು. ಮೊದಲು ಮಾಡಿದವನು ಹಂಟನೇ ಎಂಬುದನ್ನು ಅಧಿಕಾರಿಗಳು ಒಪ್ಪಿದರು. ಆದರೂ ಅಷ್ಟು ವರ್ಷ ಉಪೇಕ್ಷಿಸಿದವನು ಹಕ್ಕನ್ನು ತಾನೇ ತೊರೆದಂತಾಯಿತೆಂದು ಹೋವನ ಪತ್ರವನ್ನೇ ಎತ್ತಿಹಿಡಿದರು. ೧೮೫೬ರಲ್ಲಿ ಹೋವನೂ ಸಿಂಗರನೂ ಇತರ ಪ್ರಮುಖ ತಯಾರಕರೂ ತಮ್ಮ ಪತ್ರಗಳನ್ನು ಒಂದೇ ರಾಶಿಯಾಗಿ ಕೂಡಿಹಾಕಿ ವ್ಯಾಪಾರಮಾಡತೊಡಗಿದರು. ಹಂಟನಿಗೆ ೧೮೪೯ರಲ್ಲಿ ಒಂದು ಪೇಟೆಂಟು ದೊರೆತಿತ್ತು. ಮೊನೆಯು ಮೈಗೆ ಚುಚ್ಚದಂತೆ ಮುಚ್ಚಿಕೊಳ್ಳುವ, ಇಂದು ಮನೆಮನೆಯಲ್ಲಿಯೂ ಇರುವ ಪಿನ್ನಿಗೆ. ಅದನ್ನೂ ಅವನು ಅಲ್ಪ ಹಣಕ್ಕೆ ಮಾರಿಬಿಟ್ಟನು.

ಎಲ್ಲೆಯನ್ನು ಎಷ್ಟು ಅಗಲಿಸಬಹುದೆಂಬ ಪ್ರಶ್ನೆಗೆ ಅತ್ಯಂತ ಸೂಕ್ಷ್ಮವಾದ ಉತ್ತರವು ದೊರೆತುದು ವಿದ್ಯುತ್ತಿನ ಯಂತ್ರಗಳಲ್ಲಿ. ಸ್ಯಾಮ್ಯುಯಲ್ ಮೋರ್ಸನ ತಂತಿವಾರ್ತೆಗೆ ಅಮೆರಿಕದಲ್ಲಿ ೧೮೪೦ರಲ್ಲಿ ಪೇಟೆಂಟಾಯಿತು. ವಿದ್ಯುತ್ಪ್ರವಾಹವು ಹರಿದಾಗ ಕಬ್ಬಿಣವು ಅಯಸ್ಕಾಂತವಾಗಿ ಒಂದು ಸನ್ನೆಯನ್ನು ಎಳೆಯುತ್ತದೆ, ಸನ್ನೆಯು ಕಾಗದದ ಮೇಲೆ ಗುರುತು ಮಾಡುತ್ತದೆ. ಪ್ರವಾಹವು ದೂರದಲ್ಲಿ ಸೊರಗಿದರೆ ಅದು ಮತ್ತೊಂದು ಮಂಡಲವನ್ನು ತೆರೆದು ಹೊಸ ಪ್ರವಾಹವನ್ನು ಎಬ್ಬಿಸುತ್ತದೆ. ಚುಕ್ಕಿ ಗೀಟುಗಳ ಲಿಪಿಯೊಂದು ಅಕ್ಷರಗಳಿಗೆ ಪ್ರತಿನಿಧಿಯಾಗುತ್ತದೆ. ಇವೆಲ್ಲವನ್ನೂ ಅವನ ಕ್ಲೇಮುಗಳು ಬೇರೆಬೇರೆಯಾಗಿ ಹೇಳಿದುವು. ಎಂಟನೆಯ ಕ್ಲೇಮಿನಲ್ಲಿ ಮೋರ್ಸನು ಇಲ್ಲಿಗೆ ನಿಲ್ಲದೆ ಹಾರಿದನು. ತಾನು ವಿವರಿಸಿದ ಯಂತ್ರಕ್ಕೇ ತನ್ನ ಹಕ್ಕನ್ನು ಸೀಮಿತಗೊಳಿಸುವುದಿಲ್ಲವೆಂದೂ, ದೂರದಲ್ಲಿ ಅರ್ಥವಾಗುವ ಗುರುತುಗಳನ್ನು ಮೂಡಿಸಲು ವಿದ್ಯುತ್ತಿನಿಂದಾದ ಕಾಂತಬಲವನ್ನು ಯಾವ ರೀತಿಯಲ್ಲಿ ಬಳಸಿದರೂ ಅದು ತನ್ನದೇ ಎಂದೂ ಅದರ ತಾತ್ಪರ್ಯ. ೧೮೫೪ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಉಳಿದ ಕ್ಲೇಮುಗಳನ್ನು ಮನ್ನಿಸಿ ಇದೊಂದನ್ನು ತಳ್ಳಿಹಾಕಿತು. ಮುಖ್ಯ ನ್ಯಾಯಾಧೀಶ ಟಾನಿಯ ತರ್ಕವು ಸರಳವಾದುದು: ನಾಳೆ ಬೇರೊಬ್ಬನು ಮೋರ್ಸನ ಯಂತ್ರದ ಒಂದಂಶವನ್ನೂ ಬಳಸದೆ, ಇದಕ್ಕಿಂತ ಸುಲಭವಾದ ರೀತಿಯಲ್ಲಿ, ಅದೇ ಫಲವನ್ನು ಪಡೆದಾನು, ಮೋರ್ಸನು ಕಾಣದೆ ಇದ್ದುದನ್ನು, ವರ್ಣಿಸದೆ ಇದ್ದುದನ್ನು, ಅವನಿಗೆ ಕೊಡುವುದು ಹೇಗೆ?

ಈ ತೀರ್ಪಿನ ನೆರಳಿನಲ್ಲಿ ೧೮೭೬ರ ಫೆಬ್ರವರಿ ೧೪ರಂದು ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ಅರ್ಜಿಯು ಕಚೇರಿಗೆ ಬಂದಿತು. ಎಲೈಷಾ ಗ್ರೇ ಎಂಬವನು ತಾನೂ ಮಾತನ್ನು ತಂತಿಯಲ್ಲಿ ಕಳುಹಿಸುವ ಉಪಾಯದಲ್ಲಿರುವುದಾಗಿ ಸೂಚನಾಪತ್ರವನ್ನು ಸಲ್ಲಿಸಿದುದೂ ಅದೇ ದಿನ. ಯಾರದು ಮೊದಲೆಂಬ ಚರ್ಚೆ ಇನ್ನೂ ತಣ್ಣಗಾಗಿಲ್ಲ. ಮಾರ್ಚಿ ೭ರಂದು ಬೆಲ್ಲನಿಗೆ ೧೭೪೪೬೫ನೆಯ ಪೇಟೆಂಟು ದೊರೆಯಿತು. ಅದರ ಶೀರ್ಷಿಕೆ ತಂತಿವಾರ್ತೆಯಲ್ಲಿ ಸುಧಾರಣೆ ಎಂದಷ್ಟೆ. ಅವನ ಉಪಕರಣದಲ್ಲಿ ಸ್ಪಷ್ಟವಾದ ಮಾತು ಕೇಳಿಬಂದುದು ಮೂರು ದಿನಗಳಾದ ಮೇಲೆ, ಮಾರ್ಚಿ ೧೦ರಂದು. ಎಂದರೆ, ಮಾತನಾಡುವ ಯಂತ್ರಕ್ಕಿಂತ ಮುಂಚೆ ಅದನ್ನು ಕುರಿತ ಮಾತು ಸಿದ್ಧವಾಗಿದ್ದಿತು!

ಆ ಪತ್ರದ ಐದನೆಯ ಕ್ಲೇಮಿನ ಬಲವೆಲ್ಲ ಒಂದು ವಿಶೇಷಣದಲ್ಲಿದೆ. ಬೆಲ್ಲನಿಗಿಂತ ಹಿಂದೆ ಜರ್ಮನಿಯ ರೈಸ್ ಎಂಬವನು ತಂತಿಯಲ್ಲಿ ಧ್ವನಿಯನ್ನು ಕಳುಹಿಸಿದ್ದನು; ಅವನ ಉಪಕರಣವನ್ನು ನ್ಯಾಯಾಲಯವು ತಿಳಿದಂತೆ, ಅದರಲ್ಲಿ ಪೊರೆಯು ಕಂಪಿಸಿದಾಗಲೆಲ್ಲ ಪ್ರವಾಹವು ಕಡಿದು ಕೂಡುತ್ತಿದ್ದಿತು. ಕಡಿದು ಕೂಡುವ ಪ್ರವಾಹವು ಒಂದು ಕ್ಷಣದಲ್ಲಿ ಎಷ್ಟು ಕಂಪನವೆಂಬುದನ್ನು, ಎಂದರೆ ಶ್ರುತಿಯನ್ನು, ತಿಳಿಸಬಲ್ಲದು. ‘ಅ’ಕಾರವನ್ನೂ ‘ಇ’ಕಾರವನ್ನೂ ಒಂದೇ ಶ್ರುತಿಯಲ್ಲಿ ಉಚ್ಚರಿಸಿದರೆ ಅವುಗಳ ಭೇದವನ್ನು ತಿಳಿಸಲಾರದು. ಆ ಭೇದವಿರುವುದು ಕಂಪನದ ಆಕಾರದಲ್ಲಿ. ಬೆಲ್ಲನು ಪ್ರವಾಹವನ್ನು ಎಲ್ಲಿಯೂ ಕಡಿಯದೆ, ಧ್ವನಿಯಿಂದ ಗಾಳಿಯಲ್ಲೇಳುವ ಕಂಪನಗಳ ಆಕಾರದಲ್ಲಿಯೇ ಅಲೆಯಲೆಯಾಗಿ ಏರಿಳಿಯಿಸುವ ಕ್ರಮವನ್ನು ತನ್ನದೆಂದನು. ‘ಅಲೆಯಂತಿರುವ’ ಎಂಬ ಆ ಒಂದು ಮಾತಿನ ಸುತ್ತ ಹನ್ನೆರಡು ವರ್ಷ ಮೊಕದ್ದಮೆಗಳು ನಡೆದುವು. ೧೮೮೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಾಲ್ವರ ಮತದಿಂದ ಬೆಲ್ಲನ ಪಕ್ಷವನ್ನು ಹಿಡಿಯಿತು, ಮೂವರು ಒಪ್ಪಲಿಲ್ಲ. ಮೋರ್ಸನಂತೆ ಬೆಲ್ಲನು ವಿದ್ಯುಚ್ಛಕ್ತಿಯನ್ನೇ ಬಾಚಿಕೊಳ್ಳಲಿಲ್ಲ. ಮಾತನ್ನು ಒಯ್ಯಲು ಆ ಶಕ್ತಿಯನ್ನು ಇರಿಸಬೇಕಾದ ಒಂದು ವಿಶಿಷ್ಟ ಸ್ಥಿತಿಯನ್ನು ಹೇಳಿ ಅದಕ್ಕೆ ಮಾತ್ರ ಕೈಯೊಡ್ಡಿದನು ಎಂಬುದು ಬಹುಮತದ ಅಭಿಪ್ರಾಯ. ಆ ಸ್ಥಿತಿಯ ಹೊರತು ದೂರವಾಣಿಗೆ ಬೇರೆ ದಾರಿ ಆಗ ಕಾಣದೆ ಇದ್ದುದರಿಂದ, ಸೊಲ್ಲು ಮಿತವಾಗಿದ್ದರೂ ದೊರೆತ ಫಲವು ಮೋರ್ಸನು ಬಯಸಿದುದಕ್ಕೆ ಕಡಮೆಯಾಗಿರಲಿಲ್ಲ. ಶಬ್ದದ ಮಿತಿಯೇ ಅರ್ಥದ ವಿಸ್ತಾರಕ್ಕೆ ಕಾರಣವಾದ ಇಂತಹ ಪ್ರಸಂಗವು ಧ್ವನಿಕಾರರಿಗೂ ರುಚಿಸಬಹುದಾದುದು.

ವಿದ್ಯುದ್ದೀಪದ ವಿಚಾರದಲ್ಲಿ ನಿರ್ಣಾಯಕವಾದುದು ಒಂದು ನಾಮಪದ. ಥಾಮಸ್ ಎಡಿಸನ್ನನಿಗೆ ೧೮೮೦ರ ಜನವರಿ ೨೭ರಂದು ದೊರೆತ ಪತ್ರದ ಮೊದಲ ಕ್ಲೇಮು ಹೆಚ್ಚಿನ ರೋಧವುಳ್ಳ ಇಂಗಾಲದ ‘ಎಳೆ’ಯಿಂದಾದ ದೀಪವೆಂದು ಹೇಳುತ್ತದೆ. ಹಿಂದಿನವರು ಬಳಸಿದ್ದುದು ಇಂಗಾಲದ ಕಡ್ಡಿಗಳನ್ನು. ಅವುಗಳ ರೋಧವು ಅತ್ಯಲ್ಪ. ರೋಧ ಅಲ್ಪವಾದರೆ ಬೆಳಕಿಗೆ ಬೇಕಾದ ಪ್ರವಾಹ ಅಪಾರ. ಪ್ರವಾಹ ಅಪಾರವಾದರೆ ಅದನ್ನು ಊರಿಗೆಲ್ಲ ಒಯ್ಯುವ ತಾಮ್ರದ ತಂತಿ ತೋಳಿನಷ್ಟು ದಪ್ಪ. ನೂರು ಓಮಿಗೆ ಸಮೀಪವಾದ ರೋಧವುಳ್ಳ ಸಣ್ಣ ಎಳೆಯಿಂದ ತಾಮ್ರದ ಲೆಕ್ಕವೇ ಬದಲಾಯಿತು. (ಒತ್ತಡವನ್ನು ಹೆಚ್ಚಿಸಿ ಪ್ರವಾಹವನ್ನು ಕುಗ್ಗಿಸಿದರೆ ತಾಮ್ರ ಉಳಿಯುವುದೆಂಬ ಇದೇ ಲೆಕ್ಕದ ಬಲದಿಂದ ೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದ ವಿದ್ಯುತ್ತು ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು, ಅಲ್ಲಿನ ಪ್ರವಾಹವು ಎಡಿಸನ್ನನು ಒಲ್ಲದ ಪರ್ಯಾಯ ಪ್ರವಾಹ.) ಕಡ್ಡಿಯೆಲ್ಲಿ ಮುಗಿದು ಎಳೆಯೆಲ್ಲಿ ಮೊದಲಾಗುವುದೆಂದು ಅಮೆರಿಕದ ನ್ಯಾಯಾಲಯಗಳು ವರ್ಷಗಟ್ಟಲೆ ವಿಚಾರಮಾಡಿ, ೧೮೯೧–೯೨ರಲ್ಲಿ ಎಡಿಸನ್ನನ ಪಕ್ಷಕ್ಕೆ ತೀರ್ಪುಕೊಟ್ಟುವು. ಅಷ್ಟರಲ್ಲಿ ಹಕ್ಕಿಗೆ ಉಳಿದಿದ್ದುದು ಎರಡೇ ವರ್ಷ.

ಸಾಯರ್, ಮ್ಯಾನ್ ಎಂಬಿಬ್ಬರ ಎದುರುಹಕ್ಕಿನ ಕಥೆ ಇದಕ್ಕೆ ಪೂರಕವಾಗಿದೆ. ಅವರು ಕಾಗದವನ್ನು ಸುಟ್ಟು ಇಂಗಾಲ ಮಾಡಿ ನೋಡಿದ್ದರು. ಬರೆದುದು ಮಾತ್ರ ನಾರುಳ್ಳ ಸಮಸ್ತ ವಸ್ತುಗಳ ಇಂಗಾಲವೆಂದು. ಎಡಿಸನ್ನನು ಸಾವಿರಾರು ಸಸ್ಯದ್ರವ್ಯಗಳನ್ನು ಪರೀಕ್ಷಿಸಿ, ಕಡೆಗೆ ಬಿದಿರಿನ ಒಂದು ಜಾತಿಯ ಒಂದು ಭಾಗವೇ ತಕ್ಕುದೆಂದು ಕಂಡಿದ್ದನು. ಸಮಸ್ತ ನಾರಿಗೂ ಸಮಾನವಾದ ಗುಣವೊಂದನ್ನು ತೋರಿಸಲಾರದೆ ಸಮಸ್ತ ನಾರನ್ನೂ ಕೇಳುವುದು ಸಲ್ಲದೆಂದು ೧೮೯೫ರಲ್ಲಿ ಅವರ ಕ್ಲೇಮು ಬಿದ್ದುಹೋಯಿತು. ನೈಯಾಯಿಕರ ಪರಿಭಾಷೆಯಲ್ಲಿ ಇದು ಅತಿವ್ಯಾಪ್ತಿದೋಷವೇ ಸರಿ. ಲಕ್ಷಣವು ಲಕ್ಷ್ಯವನ್ನು ಮೀರಿ ಹಬ್ಬಿದೆ. ಎಲ್ಲೆಯನ್ನು ಮೊಟಕಾಗಿ ಬರೆದು ಪ್ರತಿಸ್ಪರ್ಧಿಗೆ ಸಂದುಬಿಡುವುದು ಅವ್ಯಾಪ್ತಿ. ಪೇಟೆಂಟಿನ ಲೇಖಕನಿಗೆ ಈ ದೋಷಗಳ ಬೆಲೆ ರೂಪಾಯಿಗಳಲ್ಲಿ ಗೊತ್ತಾಗುತ್ತದೆ.

ಭಾರತದಲ್ಲಿ ಈ ವಿಧದ ಹಕ್ಕಿಗೆ ಮೊದಲ ಶಾಸನವಾದುದು ೧೮೫೬ರಲ್ಲಿ. ಕಲ್ಕತ್ತೆಯ ಡಿಪೆನಿಂಗ್ ಎಂಬ ಇಂಜಿನಿಯರನು ಅದೇ ವರ್ಷ ಪಂಖವನ್ನು ಎಳೆಯುವ ಯಂತ್ರಕ್ಕಾಗಿ ಹಕ್ಕನ್ನು ಕೋರಿದನು. ಈ ದೇಶದ ಮೊದಲ ಪೇಟೆಂಟೆಂದು ಎಣಿಸುವುದು ಅದನ್ನೇ. ಹೊರಗೆ ಕುಳಿತು ಹಗಲಿರುಳೂ ಹಗ್ಗವೆಳೆಯುತ್ತಿದ್ದ ಆಳಿನ ಕೈ ಆ ಒಂದು ಯಂತ್ರದಿಂದ ಬಿಡುವಾಗಲಿಲ್ಲ. ರಾಣಿಯ ಅನುಮತಿಯಿಲ್ಲದೆ ಆ ಕಾನೂನು ಹೊರಟಿದ್ದುದರಿಂದ ಮರುವರ್ಷ ಅದನ್ನು ತೆಗೆದು ೧೮೫೯ರಲ್ಲಿ ಬೇರೊಂದನ್ನು ತಂದರು. ಬಳಿಕ ೧೯೧೧ರ ಕಾನೂನು, ಸ್ವಾತಂತ್ರ್ಯಾನಂತರ ೧೯೭೦ರದು. ಈಗ ಅವಧಿಯು ೨೦ ವರ್ಷ. ಭಾರತೀಯ ಕಲ್ಪಕರಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರ ಹೆಸರು ಇಲ್ಲಿ ಬರಲೇಬೇಕು. ತಂತಿಯಿಲ್ಲದ ವಿದ್ಯುತ್ತರಂಗಗಳನ್ನು ಗುರುತಿಸಲು ಗೆಲೀನಾ ಎಂಬ ಸೀಸದ ಅದುರಿನ ಸ್ಪರ್ಶವನ್ನು ಬಳಸುವ ಅವರ ಉಪಕರಣಕ್ಕೆ ೧೯೦೪ರ ಮಾರ್ಚಿ ೨೯ರಂದು ಅಮೆರಿಕದ ಪೇಟೆಂಟು ದೊರೆಯಿತು. ವಿದ್ಯೆಯನ್ನು ವಿಕ್ರಯಿಸಲೊಲ್ಲದ ಅವರು ಅರ್ಜಿಮಾಡಿದುದು ಮಿತ್ರರ ಒತ್ತಾಯಕ್ಕೆ; ಅದರಿಂದ ಧನಾರ್ಜನೆಗೆ ಅವರು ಕೈಹಾಕಲಿಲ್ಲ.

ಕನ್ನಡಕ್ಕೆ ಸಂಬಂಧಪಟ್ಟ ಅಂಶವು ಈ ಕಾನೂನಿನ ನಿಯಮಗಳಲ್ಲಿದೆ. ಇಂದಿನ ಭಾರತೀಯ ಪೇಟೆಂಟು ನಿಯಮಗಳಂತೆ ಪತ್ರಗಳು ಇಂಗ್ಲಿಷಿನಲ್ಲಿರಬೇಕು, ಇಲ್ಲವೆ ಹಿಂದಿಯಲ್ಲಿರಬೇಕು. ಕನ್ನಡದಲ್ಲಿಯೇ ಯೋಚಿಸಿ, ಕನ್ನಡದ ಹೆಸರುಗಳಿಂದಲೇ ತನ್ನ ಉಪಕರಣದ ಅಂಗಗಳನ್ನು ಕರೆಯುವ ಬಡಗಿಯೋ ನೇಯ್ಗೆಯವನೋ ತನ್ನ ಎಲ್ಲೆಯನ್ನು ಇನ್ನೊಬ್ಬನ ಬಾಯಿಂದ, ಇನ್ನೊಂದು ನುಡಿಯಲ್ಲಿ ಹೇಳಿಸಬೇಕಾಗಿದೆ. ಅದು ಸರಿಯಾಗಿದೆಯೇ ಎಂದು ಓದಿನೋಡುವುದೂ ಅವನಿಂದಾಗದು. ಮೇಲಣ ಮೊಕದ್ದಮೆಗಳನ್ನು ನೆನೆದರೆ ಇದು ಸಣ್ಣ ನಷ್ಟವೆನಿಸದು. ಇಂತಹ ವಾಕ್ಯಕ್ಕೆ ಬೇಕಾದ ನಿಷ್ಕೃಷ್ಟತೆ ದೇಶಭಾಷೆಗೆ ಇಲ್ಲವೆಂಬುದು ಸಾಮಾನ್ಯವಾದ ಸಮಾಧಾನ. ಪರೀಕ್ಷಿಸಿ ನೋಡಬಹುದು. ಹೋವನ ಯಂತ್ರದ ಸಾರವನ್ನು ಕ್ಲೇಮಿನ ಧಾಟಿಯಲ್ಲಿ ಕನ್ನಡಿಸಿದರೆ ಹೀಗಾಗುತ್ತದೆ: ‘ಮೊನೆಯ ಬಳಿ ಕಣ್ಣುಳ್ಳ ಸೂಜಿಯನ್ನೂ, ಆ ಸೂಜಿಯು ಬಟ್ಟೆಯನ್ನು ಹೊಕ್ಕು ಸರಿಯುವಾಗ ಉಳಿಯುವ ಕುಣಿಕೆಯೊಳಗೆ ಎರಡನೆಯ ದಾರವನ್ನು ಹಾಯಿಸುವ ಲಾಳಿಯನ್ನೂ ಒಳಗೊಂಡ ಹೊಲಿಗೆಯ ಯಂತ್ರ.’

ಈ ವಾಕ್ಯದಲ್ಲಿ ಮೂರು ಸಂಗತಿಗಳು ವಿಚಾರಾರ್ಹವಾಗಿವೆ. ಕ್ಲೇಮು ಎಷ್ಟೇ ಉದ್ದವಾಗಿದ್ದರೂ ಒಂದೇ ವಾಕ್ಯದಲ್ಲಿ ಮುಗಿಯಬೇಕೆಂಬುದು ನಿಯಮ. ಇಂಗ್ಲಿಷಿನಲ್ಲಿ ವಸ್ತುವಿನ ಹೆಸರು ಮೊದಲು ಬಂದು ಅಂಗಗಳು ಬಾಲದಂತೆ ಹಿಂಬಾಲಿಸುತ್ತವೆ. ಕನ್ನಡದಲ್ಲಿ ಕೃದಂತ ವಿಶೇಷಣಗಳೆಲ್ಲ ಮುಂದೆ ಸಾಲುಗಟ್ಟಿ ವಿಶೇಷ್ಯವು ಕಡೆಯಲ್ಲಿ ನಿಲ್ಲುತ್ತದೆ. ಇಂತಹ ನೀಳವಾದ ವಾಕ್ಯವು ಚಂಪೂಗಳ ಗದ್ಯಕ್ಕೂ ಶಾಸನಗಳ ಗದ್ಯಕ್ಕೂ ಹೊಸದಲ್ಲ. ಅಲ್ಲಿ ಬಿರುದುಗಳ ಸಾಲು ಮುಗಿದ ಮೇಲೆಯೇ ಅರಸನ ಹೆಸರು. ಎರಡನೆಯದು ‘ಒಳಗೊಂಡ’ ಎಂಬ ಪದ. ಇದನ್ನು ಬಳಸಿದರೆ ಬೇರೆ ಅಂಗಗಳನ್ನು ಸೇರಿಸಿಕೊಂಡ ಯಂತ್ರವೂ ಎಲ್ಲೆಯೊಳಗೇ ಬೀಳುತ್ತದೆ. ‘ಮಾತ್ರವೇ ಉಳ್ಳ’ ಎಂದು ಬರೆದರೆ ಒಂದು ಸ್ಕ್ರೂವನ್ನು ಹೆಚ್ಚಿಸಿದವನೂ ತಪ್ಪಿಸಿಕೊಳ್ಳುತ್ತಾನೆ. ಪೇಟೆಂಟಿನವರು ಪ್ರಾಣದಂತೆ ಕಾಯುವ ಈ ಭೇದವನ್ನು ಕನ್ನಡವು ಯಾವ ತೊಡಕೂ ಇಲ್ಲದೆ ಹೇಳಬಲ್ಲದು.

ತೊಡಕಿರುವುದು ಮೂರನೆಯದರಲ್ಲಿ. ಮೇಲಣ ವಾಕ್ಯದಲ್ಲಿ ‘ಸೂಜಿಯನ್ನೂ’ ಎಂದಿದೆ. ‘ಒಂದು ಸೂಜಿಯನ್ನೂ’ ಎಂದಿಲ್ಲ. ಇಂಗ್ಲಿಷಿನಲ್ಲಿ ಅನಿರ್ದಿಷ್ಟವನ್ನು ಸೂಚಿಸಲು ಬೇರೆ ಶಬ್ದವಿದೆ, ಸಂಖ್ಯೆಯನ್ನು ಸೂಚಿಸಲು ಬೇರೆ ಶಬ್ದವಿದೆ. ಕನ್ನಡದ ‘ಒಂದು’ ಎರಡಕ್ಕೂ ಸಲ್ಲುತ್ತದೆ. ಎರಡು ಸೂಜಿಗಳ ಯಂತ್ರವನ್ನು ಮಾಡಿದವನು, ‘ಒಂದು’ ಎಂದರೆ ಒಂದೇ ಎಂದು ವಾದಿಸಲು ಇಲ್ಲಿ ಅವಕಾಶವಿದೆ. ಆದುದರಿಂದ ಸಂಖ್ಯೆ ವಿವಕ್ಷಿತವಲ್ಲದೆಡೆಯಲ್ಲಿ ‘ಒಂದು’ ಎಂಬುದನ್ನು ಬಿಟ್ಟು ಬರಿಯ ನಾಮಪದವನ್ನು ಪ್ರಯೋಗಿಸುವುದೂ, ಸಂಖ್ಯೆ ವಿವಕ್ಷಿತವಾದೆಡೆಯಲ್ಲಿ ‘ಒಂದೇ’, ‘ಒಂದಾದರೂ’ ಎಂದು ಅವಧಾರಣೆಯನ್ನು ಸೇರಿಸುವುದೂ ಯುಕ್ತ. ಹಾಗೆ ಬಿಟ್ಟಾಗ ಏಕವಚನದ ರೂಪವು ಜಾತಿಯನ್ನು ಹೇಳುವುದೋ ವ್ಯಕ್ತಿಯನ್ನು ಹೇಳುವುದೋ ಎ೦ಬ ಪ್ರಶ್ನೆ ಪುನಃ ಏಳುತ್ತದೆ. ಅದು ವೈಯಾಕರಣರೂ ಮೀಮಾಂಸಕರೂ ಬಹುಕಾಲದಿಂದ ಚರ್ಚಿಸುತ್ತ ಬಂದಿರುವ ವಿಷಯ.